ಹುಡುಕಿದರೆ ಇಲ್ಲ

ಬೈತಖೋಲದ ಸಂಘದ ಕಚೇರಿ, ಬೆಳಗಿನ ಹನ್ನೊಂದು.
ಐಸಿನ ಲಾರಿ ಸೋರಿಸಿದ ನೀರು
ಹೊಸ್ತಿಲವರೆಗೆ ಬಂದು ಯೋಚಿಸುತ್ತ ನಿಂತಿದೆ.
ಎದುರಿಗೆ ಶೇವಂತಿ ಹರಿಕಂತ್ರ,
ಹದಿನೆಂಟು ತುಂಬಿ ನಾಲ್ಕು ದಿನ,
ಮನೆ ನಂಬರು ನಲವತ್ತೊಂದು ಬಾರ್ ಎರಡು,
ಷೇರು ಹಣ ನೂರಾಹತ್ತು, ಪೂರಾ ಚಿಲ್ಲರೆ.
‘ಸೇರಿಸು’ ಒತ್ತಿದೆ.
ಕೆಂಪು ಪಟ್ಟಿ ಬಂತು:
ಈ ಸದಸ್ಯೆ ಆಗಲೇ ಇದ್ದಾಳೆ.

ಇದ್ದಾಳೆಂದರೆ?
ಈಗಷ್ಟೇ ಬಂದಳಲ್ಲ ಮಾರಾಯಾ,
ಕೂದಲು ಇನ್ನೂ ಒದ್ದೆ.

ಈ ತಕರಾರು ನನಗೆ ಹೊಸದೇನಲ್ಲ.
ಕರೆಂಟು ಕಣ್ಣು ಮಿಟುಕಿಸಿದಾಗ
ಬೆರಳು ಎರಡು ಸಲ ಒತ್ತಿರುತ್ತದೆ, ಒಮ್ಮೆ.
ಇನ್ನೊಮ್ಮೆ, ಮಶೀನು ಕೆಟ್ಟು ಹಳೆಯ ಪ್ರತಿ ಹಾಕಿದ ಮಳೆಗಾಲ,
ನಂಬರು ಕೊಡುವ ಎಣಿಕೆ ಹಿಂದೆಯೇ ಉಳಿದು
ಕೊಟ್ಟದ್ದನ್ನೇ ಮತ್ತೆ ಮತ್ತೆ ಕೊಡುತ್ತಿತ್ತು.
ಮುಂದಕ್ಕೆ ತಳ್ಳಿದೆ, ಸರಿಹೋಯಿತು.
ಅದಕ್ಕೂ ಹಿಂದೆ ಫೋನೇ ಕೀಲಿಯಾಗಿತ್ತು.
ಫೋನಿಲ್ಲದವರಿಗೆಲ್ಲ ಹತ್ತು ಸೊನ್ನೆ.
ಮೊದಲನೆಯವಳು ಒಳಗೆ ಹೋದಳು,
ಎರಡನೆಯವಳ ಮುಖಕ್ಕೆ ಬಾಗಿಲು.
ತಾರ್ಲೆ ಬುಟ್ಟಿ ಇಳಿಸಿ ಅವಳು ಬೈದದ್ದು ಕೊಂಕಣಿಯಲ್ಲಿ,
ಅದನ್ನಿಲ್ಲಿ ಬರೆಯಲಾರೆ.

ಆಮೇಲೆ ನಾನೇ ಹೇಳಿದ್ದು:
ಹೆಸರು, ಮನೆ ನಂಬರು, ಎರಡೂ ಕೂಡಿ ಕೀಲಿಯಾಗಲಿ,
ಒಂದೇ ಸೂರಿನಡಿ ಒಂದೇ ಹೆಸರು
ಯಾರು ಇಟ್ಟುಕೊಳ್ಳುತ್ತಾರೆ?

ಹುಡುಕಿದೆ. ಶೇವಂತಿ ಇಲ್ಲ.
ಕಾಗುಣಿತ ಬದಲಿಸಿ ಹುಡುಕಿದೆ. ಇಲ್ಲ.
ಸೇರಿಸಿದೆ. ಇದ್ದಾಳೆ.
ಹುಡುಕಿದರೆ ಇಲ್ಲ, ಸೇರಿಸಿದರೆ ಇದ್ದಾಳೆ.
ಹುಡುಗಿ ಬೆಂಚಿನ ಮೇಲೆ ಕಾಲಾಡಿಸುತ್ತ
ನನ್ನ ಮುಖ ನೋಡುತ್ತಾಳೆ,
ತಾನು ಇದ್ದೇನೋ ಇಲ್ಲವೋ ಎಂಬಂತೆ.

ಪ್ರಜ್ಯೋತನಿಗೆ ಫೋನು ಮಾಡಿದೆ.
ಈ ತಂತ್ರಾಂಶ ಬರೆದವನು ಅವನೇ,
ಈಗ ಸದಾಶಿವಗಡದಲ್ಲಿ ಮೊಬೈಲಿಗೆ ಗಾಜು ಅಂಟಿಸುತ್ತಾನೆ.
“ಅಕ್ಕೋರೇ, ತೀರಿಕೊಂಡವರನ್ನು ಅಳಿಸಬೇಡ ಅಂದಿದ್ದರು ಆಡಿಟಿನವರು.
ಅಳಿಸಿಲ್ಲ. ಕೊನೆಯ ಕಾಲಮಿನಲ್ಲಿ ಗುರುತು ಹಾಕಿ ಮುಚ್ಚಿಟ್ಟಿದ್ದೇನೆ.
ಹುಡುಕುವಾಗ ಕಾಣಿಸುವುದಿಲ್ಲ.
ಕೀಲಿಗೆ ಆ ಗುರುತು ಗೊತ್ತಿಲ್ಲ ನೋಡಿ,
ಅದು ಎಲ್ಲರನ್ನೂ ಎಣಿಸುತ್ತದೆ.”

ಮುಚ್ಚಳ ತೆಗೆದೆ.
ಇನ್ನೂರಾ ಹದಿನೇಳು ಹೆಂಗಸರು
ಪರದೆಯ ತುಂಬ, ಸಾಲಾಗಿ,
ಯಾರೂ ಹೊರಗೆ ಹೋಗಿರಲಿಲ್ಲ.
ನಡುವೆಲ್ಲೋ ಶೇವಂತಿ ಹರಿಕಂತ್ರ,
ನಲವತ್ತೊಂದು ಬಾರ್ ಎರಡು,
ಸಹಿಯ ಜಾಗದಲ್ಲಿ ಹೆಬ್ಬೆಟ್ಟು,
ಷೇರು ನೂರಾಹತ್ತು, ವಾಪಸು ಪಡೆದಿಲ್ಲ.

“ನಮ್ಮಜ್ಜಿ” ಅಂದಳು ಹುಡುಗಿ, ನನ್ನ ಹೆಗಲ ಹಿಂದೆ.
“ನಾನು ಹುಟ್ಟುವ ವರ್ಷವೇ ಹೋದಳು. ಹೆಸರು ನನಗೆ ಬಿತ್ತು.”

ಅಳಿಸಿಬಿಡಬಹುದಿತ್ತು, ಒಂದೇ ಒತ್ತು.
ಬೆರಳು ಹೋಗಲಿಲ್ಲ.
ಕೀಲಿಗೆ ಹುಟ್ಟಿದ ದಿನವನ್ನೂ ಪೋಣಿಸಿದೆ.
ಅಜ್ಜಿಯದು ಖಾಲಿ.
ಪರವಾಗಿಲ್ಲ ಅಂದ ಪ್ರಜ್ಯೋತ, ಗಾಜು ಒರೆಸುವ ಸದ್ದಿನ ನಡುವೆ,
ಸೊನ್ನೆ ಸೊನ್ನೆಯನ್ನು ಹೋಲುತ್ತದೆ,
ಖಾಲಿ ಯಾವ ಖಾಲಿಯನ್ನೂ ಹೋಲುವುದಿಲ್ಲ.

ಒತ್ತಿದೆ. ಹಸಿರು.
ಮೇಲೊಬ್ಬಳು ಶೇವಂತಿ, ಕೆಳಗೊಬ್ಬಳು.
ರಸೀದಿ ಹರಿದುಕೊಟ್ಟರೂ ಹುಡುಗಿ ಹೊರಡಲಿಲ್ಲ.
ಬೆರಳು ಪರದೆಗೆ ತಾಗಿಸಿ,
“ಇಲ್ಲಿ ಬರೀ ಸೊನ್ನೆ ಹಾಕಿದ್ದೀರಿ.
ಅವಳ ಹತ್ತಿರ ನಂಬರು ಇತ್ತು,
ಐಸ್ ಫ್ಯಾಕ್ಟರಿಯದು.
ಯಾರು ಕೇಳಿದರೂ ಅದನ್ನೇ ಕೊಡುತ್ತಿದ್ದಳಂತೆ,
ಅಲ್ಲಿಂದ ಕೂಗಿ ಕರೆಯುತ್ತಿದ್ದರಂತೆ.
ಆಯಿಗೆ ಬಾಯಿಪಾಠ. ನನಗೂ.”

ಹೇಳು ಅಂದೆ.
ಮಗ್ಗಿ ಒಪ್ಪಿಸುವಂತೆ ಹೇಳಿದಳು, ಆರಂಕಿ.
ಆರು ಸಾಲದು ಅಂದಿತು ಕಾಲಂ.
ಊರಿನ ಕೋಡು ಸೇರಿಸಿದೆ,
ಹನ್ನೊಂದಾಯಿತು.
ಒಂದು ಹೆಚ್ಚು.